ಬೆನ್ನಿಗೆ ಇರಿಯುವ ಹೊಟ್ಟೆನೋವು: ಮೇದೋಜೀರಕದ ಉರಿಯೂತ ಬಂದಾಗ ಮನೆಯವರು ಮಾಡಬೇಕಾದ್ದು

"ಅಕ್ಕಾ, ಹೊಟ್ಟೆ ಮೇಲ್ಗಡೆ ಭಾಳ ನೋಯ್ತೈತಿ, ಬೆನ್ನಿಗೂ ಬಂದೈತಿ."

ಹೊನ್ನಾಳಿ ಕಡೆಯ ನಮ್ಮೂರಿನಿಂದ ತಮ್ಮ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. ನಾನು ಹೇಳಿದ್ದು ಇಷ್ಟೇ: "ಗ್ಯಾಸ್ಟ್ರಿಕ್ ಆಗಿರ್ತೈತಿ ಕಣೋ, ಮಾತ್ರೆ ತಗೊಂಡು ಮಲಗು, ಬೆಳಿಗ್ಗೆ ನೋಡೋಣ." ಆಗ ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ಹದಿನಾಲ್ಕು ವರ್ಷ ಕಳೆದಿದ್ದೆ. ಇದೇ ನೋವು ಹೊತ್ತು ಬಂದ ಎಷ್ಟೋ ಜನರಿಗೆ ಡ್ರಿಪ್ ಹಾಕಿದ್ದೆ. ಆದರೂ ಒಡಹುಟ್ಟಿದವನ ದನಿಯಲ್ಲಿ ಅದೇ ನೋವನ್ನು ಕೇಳಿದಾಗ ಬಾಯಿಗೆ ಬಂದದ್ದು ಗ್ಯಾಸ್ಟ್ರಿಕ್ ಎಂಬ ಪದ. ಬೆಳಿಗ್ಗೆ ಏಳಕ್ಕೆ ಅವನನ್ನು ಕರೆತಂದಾಗ ನಾಲಿಗೆ ಒಣಗಿ ಹೋಗಿತ್ತು, ನಾಡಿ ನಿಮಿಷಕ್ಕೆ 128 ಇತ್ತು, ರಾತ್ರಿಯಿಂದ ಮೂತ್ರ ಹೋಗಿದ್ದು ಒಂದೇ ಸಲ. ಪಿತ್ತಕೋಶದಿಂದ ಕಲ್ಲು ಜಾರಿ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಅವನು ಉಳಿದ, ಈಗ ಚೆನ್ನಾಗಿದ್ದಾನೆ. ಆದರೆ ಆ ಎಂಟು ಗಂಟೆಯನ್ನು ನಾನು ಕಳೆದೆ ಎನ್ನುವುದು ಮನಸ್ಸಿನಿಂದ ಹೋಗಿಲ್ಲ.

ನಾನು ಡಾಕ್ಟರಲ್ಲ. ಚಿಕಿತ್ಸೆ ನಿರ್ಧರಿಸುವುದು ಅವರ ಕೆಲಸ. ರೋಗಿಯ ಪಕ್ಕದಲ್ಲಿರುವವರು ಯಾವಾಗ ಏಳಬೇಕು, ಏನು ಹೇಳಬೇಕು, ಏನು ಕೇಳಬೇಕು, ಮನೆಗೆ ಹೋಗುವ ಮೊದಲು ಯಾವುದನ್ನು ಬಿಡಬಾರದು ಎಂಬುದಷ್ಟನ್ನು ಹಂತಹಂತವಾಗಿ ಬರೆಯುತ್ತೇನೆ.

ಒಳಗೆ ಆಗುವುದೇನು

ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಜಠರದ ಹಿಂದೆ ಬೆನ್ನುಮೂಳೆಗೆ ಒತ್ತಿಕೊಂಡು ಅಡ್ಡಡ್ಡ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಮೆತ್ತನೆಯ ಅಂಗ. ನೋವು ಬೆನ್ನಿಗೆ ಹೋಗುವುದು ಅದು ಅಲ್ಲಿರುವುದರಿಂದಲೇ. ಅದಕ್ಕೆ ಎರಡು ಕೆಲಸ. ಇನ್ಸುಲಿನ್ ಮಾಡಿ ರಕ್ತಕ್ಕೆ ಬಿಡುವುದು ಒಂದು. ಅನ್ನ, ಬೇಳೆ, ಎಣ್ಣೆಯನ್ನು ಅರಗಿಸುವ ರಸ ಮಾಡಿ ನಾಳದ ಮೂಲಕ ಸಣ್ಣ ಕರುಳಿಗೆ ಕಳಿಸುವುದು ಇನ್ನೊಂದು. ಈ ರಸ ಗ್ರಂಥಿಯೊಳಗೆ ಇರುವಾಗ ನಿದ್ದೆ ಮಾಡುತ್ತಿರುತ್ತದೆ, ಕರುಳಿಗೆ ಬಿದ್ದ ಮೇಲೆ ಎಚ್ಚರಗೊಳ್ಳುತ್ತದೆ. ಸುಣ್ಣದ ಕಲ್ಲು ಗುಂಡಿಯಲ್ಲಿ ನೀರು ಕುಡಿದು ಬೇಯಬೇಕು. ಚೀಲದಲ್ಲಿರುವಾಗಲೇ ನೀರು ಬಿದ್ದರೆ ಚೀಲವೇ ಸುಡುತ್ತದೆ. ತೀವ್ರ ಪ್ಯಾಂಕ್ರಿಯಾಟೈಟಿಸ್ ಎಂದರೆ ಅದೇ. ಅರಗಿಸುವ ರಸ ಗ್ರಂಥಿಯ ಒಳಗೇ ಎಚ್ಚರಗೊಂಡು ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಹೀಗೆ ತನ್ನನ್ನು ತಾನೇ ಅರಗಿಸಿಕೊಳ್ಳುವ ಕಾಯಿಲೆ ಇದು ಎಂದು ಹಾನ್ಸ್ ಕಿಯಾರಿ ಎಂಬ ವೈದ್ಯರು 1896ರಲ್ಲೇ ಹೇಳಿದ್ದರು.

ಬೆಂಕಿ ಅಲ್ಲಿಗೇ ನಿಂತರೆ ವಾರದಲ್ಲಿ ತಣ್ಣಗಾಗುತ್ತದೆ. ನೂರಕ್ಕೆ ಸುಮಾರು 80 ಜನರಲ್ಲಿ ಆಗುವುದು ಹಾಗೆಯೇ. ಉಳಿದವರಲ್ಲಿ ಊತ ಇಡೀ ಮೈಗೆ ಹಬ್ಬುತ್ತದೆ: ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆಯೊಳಗೆ ತುಂಬುತ್ತದೆ, ಬಿಪಿ ಇಳಿಯುತ್ತದೆ, ಕಿಡ್ನಿ ಮತ್ತು ಶ್ವಾಸಕೋಶ ಸೋಲುತ್ತವೆ. ಯಾರು ಯಾವ ಗುಂಪಿಗೆ ಹೋಗುತ್ತಾರೆ ಎಂದು ಮೊದಲ ರಾತ್ರಿ ಯಾರಿಂದಲೂ ಖಚಿತವಾಗಿ ಹೇಳಲಾಗದು. ಅದಕ್ಕೇ ಎಲ್ಲರೂ ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು.

ಒಂದನೇ ಹೆಜ್ಜೆ: ನೋವನ್ನು ಗುರುತಿಸಿ

ಗ್ಯಾಸ್ಟ್ರಿಕ್ ಎಂಬ ಪದದಲ್ಲಿ ನಾವು ಎದೆಯುರಿಯಿಂದ ಹಿಡಿದು ಹೃದಯಾಘಾತದವರೆಗೆ ಎಲ್ಲವನ್ನೂ ತುಂಬಿಟ್ಟಿದ್ದೇವೆ. ಹಾಗಾಗಿ ಆ ಪದವನ್ನು ಪಕ್ಕಕ್ಕಿಟ್ಟು ನೋವನ್ನೇ ನೋಡಿ.

ಮೇದೋಜೀರಕದ ನೋವು ಹೊಕ್ಕುಳಿನ ಮೇಲೆ, ಎದೆಗುಂಡಿಯ ಕೆಳಗೆ ಶುರುವಾಗುತ್ತದೆ. ಕೆಲವರಿಗೆ ಎಡಪಕ್ಕೆಗೂ ಹರಡುತ್ತದೆ. ಬಂದ ಸ್ವಲ್ಪ ಹೊತ್ತಿನಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಭೇದಿಯ ನೋವಿನ ಹಾಗೆ ಹಿಂಡಿ ಹಿಂಡಿ ಬಿಡುವುದಿಲ್ಲ, ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ. ಅನೇಕರಿಗೆ ನೇರ ಬೆನ್ನಿಗೆ ಇರಿದ ಹಾಗೆ ಹೋಗುತ್ತದೆ. ಮಲಗಿದರೆ ಹೆಚ್ಚು, ಮುಂದಕ್ಕೆ ಬಗ್ಗಿ ಮಂಡಿ ಅಪ್ಪಿಕೊಂಡು ಕೂತರೆ ಕೊಂಚ ಕಡಿಮೆ. ವಾರ್ಡಿಗೆ ದಿಂಬು ತಬ್ಬಿಕೊಂಡು ಬಗ್ಗಿ ಕೂತೇ ಬಂದವರನ್ನು ಕಂಡರೆ ರಿಪೋರ್ಟಿಗೂ ಮೊದಲು ನಮಗೆ ಅನುಮಾನ ಬರುತ್ತಿತ್ತು. ಜೊತೆಗೆ ವಾಂತಿ. ವಾಂತಿಯಾದ ಮೇಲೆ ಗ್ಯಾಸಿನ ನೋವು ಹಗುರಾಗುತ್ತದೆ, ಇದು ಹಗುರಾಗುವುದಿಲ್ಲ. ನೀರು ಕುಡಿದರೂ ಹೊರಗೆ ಬರುತ್ತದೆ.

ಎಲ್ಲರಲ್ಲೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ಮಂದವಾಗಿದ್ದು, ಬರೀ ಸುಸ್ತು ಮತ್ತು ವಾಂತಿ ಎದ್ದು ಕಾಣಬಹುದು.

ಇಂಥದೇ ನೋವನ್ನು ಹೃದಯಾಘಾತವೂ ಕೊಡುತ್ತದೆ, ಹುಣ್ಣು ಒಡೆದು ಜಠರ ತೂತಾದಾಗಲೂ ಬರುತ್ತದೆ. ಅವೂ ಮನೆಯಲ್ಲಿ ಕಾಯುವ ಕಾಯಿಲೆಗಳಲ್ಲ. ಹಾಗಾಗಿ "ಇದು ಯಾವುದಿರಬಹುದು" ಎಂದು ಮನೆಯಲ್ಲಿ ಕೂತು ಚರ್ಚಿಸುವ ಅಗತ್ಯವಿಲ್ಲ. ಮೇಲ್ಹೊಟ್ಟೆಯ ಗಟ್ಟಿ ನೋವು, ಒಂದೆರಡು ಗಂಟೆಯಾದರೂ ಬಿಡುತ್ತಿಲ್ಲ, ವಾಂತಿ ಇದೆ ಅಥವಾ ಬೆನ್ನಿಗೆ ಹೋಗಿದೆ ಎಂದರೆ ಹೊರಡಿ. ಉಸಿರು ಕಟ್ಟುತ್ತಿದ್ದರೆ, ಮೈ ತಣ್ಣಗೆ ಬೆವರುತ್ತಿದ್ದರೆ, ಮಾತು ತೊದಲುತ್ತಿದ್ದರೆ ಆ ಒಂದೆರಡು ಗಂಟೆಯೂ ಬೇಡ.

ಎರಡನೇ ಹೆಜ್ಜೆ: ಆ ರಾತ್ರಿ ಹೊರಡುವಾಗ

ಸೋಡಾ, ಓಂಕಾಳಿನ ಕಷಾಯ, ಹೊಕ್ಕುಳು ಸರಿದಿದೆ ಎಂದು ಹೊಟ್ಟೆ ತಿಕ್ಕಿಸುವುದು ಯಾವುದೂ ಬೇಡ. ಇವು ನೇರವಾಗಿ ಗ್ರಂಥಿಗೆ ಕೊಡುವ ಪೆಟ್ಟಿಗಿಂತ ಕಳೆಯುವ ಹೊತ್ತು ದೊಡ್ಡದು. ತಿಕ್ಕುವುದಂತೂ ಕೂಡದು. ನೋವಿಗೆಂದು ಮನೆಯಲ್ಲಿರುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ನುಂಗಿಸಬೇಡಿ. ನೀರು ಬತ್ತಿದ ಮೈಯಲ್ಲಿ ಅವು ಕಿಡ್ನಿಗೆ ಹೊರೆ. ಊಟ, ಹಾಲು ಸದ್ಯಕ್ಕೆ ನಿಲ್ಲಲಿ.

ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬರುವವರನ್ನು ತುಂಬಾ ನೋಡಿದ್ದೇನೆ. ದಾರಿಯಲ್ಲಿ ಬಿಪಿ ಇಳಿದು ತಲೆ ತಿರುಗಿದರೆ ಹಿಡಿಯಲಾಗುವುದಿಲ್ಲ. 108ಕ್ಕೆ ಕರೆ ಮಾಡಿ, ಇಲ್ಲವೇ ಕಾರು ಸಿಕ್ಕರೆ ಕಾರು. ಜಗಳೂರು, ಚನ್ನಗಿರಿ, ನ್ಯಾಮತಿ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗುವುದರಿಂದ ನಷ್ಟವಿಲ್ಲ: ಅಲ್ಲಿ ಇಸಿಜಿ ತೆಗೆದು, ಕೈಗೆ ಡ್ರಿಪ್ ಹಾಕಿಸಿ, ನೋವಿಗೆ ಇಂಜೆಕ್ಷನ್ ಕೊಡಿಸಿಕೊಂಡು ದಾವಣಗೆರೆಗೆ ಬಂದರೆ ದಾರಿಯ ಹೊತ್ತೂ ಚಿಕಿತ್ಸೆಯ ಹೊತ್ತಾಗುತ್ತದೆ. ಆದರೆ ಅಲ್ಲಿ ಇಂಜೆಕ್ಷನ್ನಿಗೆ ನೋವು ಸ್ವಲ್ಪ ತಗ್ಗಿತು ಎಂದು ಮನೆಗೆ ವಾಪಸ್ ಹೋಗಬೇಡಿ. ತಗ್ಗಿರುವುದು ನೋವು, ಊತವಲ್ಲ.

ಹೊರಡುವಾಗ ಹಳೆಯ ಸ್ಕ್ಯಾನಿಂಗ್ ರಿಪೋರ್ಟು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಆಧಾರ್, ರೇಷನ್ ಕಾರ್ಡು ತೆಗೆದುಕೊಳ್ಳಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ದಾಖಲಾದ ದಿನವೇ ಅವರನ್ನು ಕಾಣಿ. ಬಿಡುಗಡೆಯ ದಿನ ಹೋಗಿ ಕೇಳಿದರೆ ಕಷ್ಟವಾಗುತ್ತದೆ.

ಮೂರನೇ ಹೆಜ್ಜೆ: ನಿಜ ಹೇಳಿ

ಮೇದೋಜೀರಕ ಕೆರಳಲು ದೊಡ್ಡ ಕಾರಣಗಳು ಎರಡು: ಪಿತ್ತಕೋಶದ ಕಲ್ಲು ಮತ್ತು ಕುಡಿತ. ಕುಡಿತದ ಬಗ್ಗೆ ಕೇಳಿದಾಗ ನಮ್ಮಲ್ಲಿ ಹೆಂಡತಿ ಗಂಡನ ಮುಖ ನೋಡುತ್ತಾಳೆ, ಅಪ್ಪ ಗೋಡೆ ನೋಡುತ್ತಾನೆ, ಕೊನೆಗೆ "ಯಾವಾಗೋ ಒಂದ್ಸಲ ಸರ್" ಎಂಬ ಉತ್ತರ ಬರುತ್ತದೆ. ಮರ್ಯಾದೆಯ ಪ್ರಶ್ನೆ ಎಂದು ನನಗೂ ಗೊತ್ತು. ಆದರೆ ಈ ಸುಳ್ಳಿನ ಬೆಲೆ ಬೇರೆಯೇ ಇದೆ. ದಿನವೂ ಕುಡಿಯುವವರು ಆಸ್ಪತ್ರೆಯಲ್ಲಿ ಒಮ್ಮೆಲೇ ನಿಲ್ಲಿಸಿದಾಗ ಎರಡನೇ ಮೂರನೇ ದಿನ ಕೈ ನಡುಗುತ್ತದೆ, ಇಲ್ಲದ್ದು ಕಾಣುತ್ತದೆ, ಡ್ರಿಪ್ ಕಿತ್ತು ಓಡುತ್ತಾರೆ, ಫಿಟ್ಸ್ ಕೂಡ ಬರಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೆ ಔಷಧಿಯನ್ನೂ ವಿಟಮಿನ್ ಬಿ1 ಇಂಜೆಕ್ಷನ್ನನ್ನೂ ಶುರುಮಾಡಿರುತ್ತಾರೆ. ಗೊತ್ತಿಲ್ಲದಿದ್ದರೆ ಮೂರನೇ ದಿನದ ಆ ಗೊಂದಲ ಕಾಯಿಲೆ ಮಿದುಳಿಗೇರಿದ್ದೋ, ಸೋಂಕೋ, ಸಕ್ಕರೆ ಇಳಿದದ್ದೋ ಎಂದು ಹುಡುಕುತ್ತಾ ಹೊತ್ತು ಹೋಗುತ್ತದೆ. ಮನೆಯವರೆಲ್ಲರ ಎದುರು ಹೇಳಲಾಗದಿದ್ದರೆ ಡ್ಯೂಟಿ ನರ್ಸನ್ನು ಪಕ್ಕಕ್ಕೆ ಕರೆದು ಹೇಳಿ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ. ನಾವು ಅದನ್ನು ಬರೆದುಕೊಳ್ಳುತ್ತೇವೆ, ಬೈಯುವುದಿಲ್ಲ.

ಹಾಗೆಯೇ ಕುಡಿಯದವರ ಮೇಲೆ ಕುಡಿತದ ಗುಮಾನಿಯೂ ಬೇಡ. ಪ್ಯಾಂಕ್ರಿಯಾಟೈಟಿಸ್ ಎಂದ ಕೂಡಲೇ "ಹಾಗಾದ್ರೆ ಕುಡೀತಿದ್ನಾ" ಎಂದು ನೆಂಟರು ಪಿಸುಗುಡುವುದನ್ನು ತಮ್ಮನ ಸಮಯದಲ್ಲಿ ನಾನೇ ಕೇಳಿದೆ. ಅವನು ಜೀವಮಾನದಲ್ಲಿ ಕುಡಿದವನಲ್ಲ.

ಇನ್ನು ಹೇಳಬೇಕಾದವು: ಸಕ್ಕರೆ ಕಾಯಿಲೆ, ಕೊಬ್ಬಿನಂಶ ಹೆಚ್ಚೆಂದು ಯಾವಾಗಲಾದರೂ ಹೇಳಿದ್ದರೆ ಅದು, ಫಿಟ್ಸಿಗೆ ವಾಲ್ಪ್ರೊಯೇಟ್ ಅಥವಾ ಬೇರೆ ಕಾಯಿಲೆಗೆ ಅಜಾಥಯೋಪ್ರಿನ್ ನುಂಗುತ್ತಿದ್ದರೆ ಅದು, ಹೊಟ್ಟೆಗೆ ಪೆಟ್ಟು ಬಿದ್ದಿದ್ದರೆ ಅದು, ಗರ್ಭಿಣಿಯಾಗಿದ್ದರೆ ಅದು. ಹೊಲದಲ್ಲಿ ಔಷಧಿ ಹೊಡೆದು ಬಂದಿದ್ದರೆ ಅದನ್ನೂ ತಪ್ಪದೆ ಹೇಳಿ. ಕೆಲವು ಕ್ರಿಮಿನಾಶಕಗಳು ಮೈಸೇರಿದಾಗಲೂ ಮೇದೋಜೀರಕ ಕೆರಳುತ್ತದೆ, ಮತ್ತು ಅದರ ಚಿಕಿತ್ಸೆ ಬೇರೆ.

ನಾಲ್ಕನೇ ಹೆಜ್ಜೆ: ಪರೀಕ್ಷೆಗಳನ್ನು ಓದಿ

ಮೂರರಲ್ಲಿ ಎರಡು ಸಿಕ್ಕರೆ ಇದೇ ಕಾಯಿಲೆ ಎಂದು ತೀರ್ಮಾನ: ಮೇಲೆ ಹೇಳಿದ ನಮೂನೆಯ ನೋವು, ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ (ಅರಗಿಸುವ ರಸದಲ್ಲಿರುವ ಕಿಣ್ವಗಳು) ಮಾಮೂಲಿ ಮಿತಿಯ ಮೂರು ಪಟ್ಟು ದಾಟಿರುವುದು, ಸ್ಕ್ಯಾನಿನಲ್ಲಿ ಊತ ಕಾಣುವುದು. ಅಟ್ಲಾಂಟ ವರ್ಗೀಕರಣ ಎಂದು ಕರೆಯುವ ಪದ್ಧತಿ ಇದು, 2012ರಲ್ಲಿ ಪರಿಷ್ಕರಣೆಯಾಯಿತು. ಲ್ಯಾಬಿನ ರಿಪೋರ್ಟಿನಲ್ಲಿ ಲೈಪೇಸ್‌ನ ಮೇಲಿನ ಮಿತಿ 60 ಎಂದಿದ್ದರೆ 180ಕ್ಕಿಂತ ಹೆಚ್ಚಿದೆಯೇ ನೋಡಿ. ಮಿತಿ ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಆದ್ದರಿಂದ ಪಕ್ಕದ ಕಾಲಮ್ಮಿನ ಅಂಕಿಯನ್ನೇ ಹಿಡಿಯಬೇಕು.

ಎರಡರಲ್ಲಿ ಲೈಪೇಸ್ ಹೆಚ್ಚು ನಂಬಿಕೆಯದು. ಅಮೈಲೇಸ್ ಮೂರರಿಂದ ಐದು ದಿನದಲ್ಲಿ ಇಳಿದುಬಿಡುತ್ತದೆ. ನೋವು ತಿಂದು ನಾಲ್ಕನೇ ದಿನ ಬಂದವರಲ್ಲಿ ನಾರ್ಮಲ್ ಬಂದು ಮೋಸ ಮಾಡಬಹುದು. ಲೈಪೇಸ್ ವಾರ ದಾಟಿಯೂ ಏರಿಯೇ ಇರುತ್ತದೆ. ಮನೆಯವರು ತಪ್ಪು ತಿಳಿಯುವ ಜಾಗ ಇಲ್ಲೇ ಇದೆ: "ಲೈಪೇಸ್ ಮೂರು ಸಾವಿರ ಐತಂತೆ, ಉಳಿಯಲ್ಲ" ಎಂದು ಕಾರಿಡಾರಿನಲ್ಲಿ ಅಳುವವರಿದ್ದಾರೆ. ಆ ಅಂಕಿ ಕಾಯಿಲೆ ಇದೆಯೋ ಇಲ್ಲವೋ ಹೇಳುತ್ತದೆ, ಎಷ್ಟು ಜೋರಿದೆ ಎಂದು ಹೇಳುವುದಿಲ್ಲ. ಮೂರು ಸಾವಿರ ಇದ್ದವರು ಐದನೇ ದಿನ ಇಡ್ಲಿ ತಿಂದು ನಡೆದಿದ್ದಾರೆ, ಐನೂರು ಇದ್ದವರು ಐಸಿಯುಗೆ ಹೋಗಿದ್ದಾರೆ. ದಿನಾ ಲೈಪೇಸ್ ಮಾಡಿಸುವುದರಿಂದ ಲಾಭವೂ ಇಲ್ಲ. ಜೋರು ತಿಳಿಯಲು ಡಾಕ್ಟರು ನೋಡುವುದು ಕಿಡ್ನಿಯ ಸ್ಥಿತಿ ತಿಳಿಸುವ ಯೂರಿಯಾ, ಕ್ರಿಯಾಟಿನಿನ್, ರಕ್ತ ಗಟ್ಟಿಯಾಗಿರುವ ಪ್ರಮಾಣ, ಆಕ್ಸಿಜನ್, ನಾಡಿ, ಉಸಿರು, ಪ್ರಜ್ಞೆ.

ಹೊಟ್ಟೆಯ ಅಲ್ಟ್ರಾಸೌಂಡ್ ಮೊದಲ ದಿನವೇ ಆಗಬೇಕು, ಪಿತ್ತಕೋಶದಲ್ಲಿ ಕಲ್ಲಿದೆಯೇ ನೋಡಲು. ಕರುಳಿನ ಗಾಳಿ ಅಡ್ಡ ಬಂದು ಮೇದೋಜೀರಕ ಸರಿಯಾಗಿ ಕಾಣಲಿಲ್ಲ ಎಂದು ಬರೆದಿದ್ದರೆ ಗಾಬರಿ ಬೇಡ, ಅದು ಮಾಮೂಲು. ಸಿಟಿ ಸ್ಕ್ಯಾನ್ ಯಾಕೆ ಮಾಡುತ್ತಿಲ್ಲ ಎಂದು ಮೊದಲ ದಿನ ಜಗಳವಾಡುವವರು ಹೆಚ್ಚು. ಕಾಯಿಲೆ ಯಾವುದೆಂಬುದರಲ್ಲಿ ಅನುಮಾನವಿಲ್ಲದಿದ್ದರೆ ಸಿಟಿ ಮೂರು ದಿನ ಕಳೆದ ಮೇಲೆ ಹೆಚ್ಚು ತಿಳಿಸುತ್ತದೆ; ಗ್ರಂಥಿಯ ಯಾವ ಭಾಗ ಸತ್ತಿದೆ, ಯಾವುದು ಬದುಕಿದೆ ಎಂಬುದು ಅದಕ್ಕೂ ಮೊದಲು ಸರಿಯಾಗಿ ಕಾಣುವುದಿಲ್ಲ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಮತ್ತು ಕ್ಯಾಲ್ಸಿಯಂ ಪರೀಕ್ಷೆಗೆ ಕಳಿಸಿದ್ದಾರೆಯೇ ಎಂದು ಮಾತ್ರ ಕೇಳಿ. ಟ್ರೈಗ್ಲಿಸರೈಡ್ 1000 ದಾಟಿದ್ದರೆ ಅದೇ ಕಾರಣವಿರಬಹುದು. ಅಂಥವರ ರಕ್ತ ಟ್ಯೂಬಿನಲ್ಲಿ ನಿಂತಾಗ ಮೇಲೆ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಎರಡು ದಿನ ಉಪವಾಸವಿದ್ದರೆ ಅಂಕಿ ಇಳಿದುಬಿಡುವುದರಿಂದ ಇದನ್ನು ಬಂದ ದಿನವೇ ಕಳಿಸಬೇಕು.

ಐದನೇ ಹೆಜ್ಜೆ: ಮೊದಲ ಎರಡು ದಿನ, ಮಂಚದ ಪಕ್ಕ

ಈ ಊತವನ್ನು ನೇರವಾಗಿ ಇಳಿಸುವ ಔಷಧಿ ಇನ್ನೂ ಇಲ್ಲ. "ಬರೀ ಗ್ಲೂಕೋಸ್ ಹಾಕಿ ಮಲಗಿಸಿದಾರೆ, ಏನೂ ಟ್ರೀಟ್‌ಮೆಂಟ್ ಕೊಡ್ತಿಲ್ಲ" ಎಂದು ಸಿಟ್ಟಾಗುವವರಿಗೆ ಇದನ್ನು ಮೊದಲು ಹೇಳುತ್ತೇನೆ. ಆ ಬಾಟಲಿಯೇ ಚಿಕಿತ್ಸೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ನೀರು. ಸೋರಿಹೋದ ನೀರನ್ನು ತುಂಬಿ, ಗ್ರಂಥಿಗೂ ಕಿಡ್ನಿಗೂ ರಕ್ತ ಹರಿಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ಹಿಂದೆ ಬಾಟಲಿ ಮೇಲೆ ಬಾಟಲಿ ಓಡಿಸುತ್ತಿದ್ದರು. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಹಾಗೆ ಧಾರಾಳವಾಗಿ ಕೊಟ್ಟವರಿಗೆ ಲಾಭವಾಗದೆ, ಮೈಯಲ್ಲಿ ನೀರು ಹೆಚ್ಚಾಗಿ ತೊಂದರೆಯಾದದ್ದು ಕಂಡಿತು. ಈಗ ಅಳೆದು ಕೊಡುತ್ತಾರೆ. ಆದ್ದರಿಂದ ಡ್ರಿಪ್ ನಿಧಾನವಾಗಿದೆ ಎಂದು ನೀವೇ ಚಕ್ರ ತಿರುಗಿಸಬೇಡಿ.

ಅಳತೆಗೆ ನಿಮ್ಮ ನೆರವು ದೊಡ್ಡದು. ಮೂತ್ರವನ್ನು ಒಂದು ತೊಟ್ಟೂ ಚೆಲ್ಲದೆ ಅಳೆಯುವ ಜಗ್ಗಿನಲ್ಲಿ ಹಿಡಿದು, ಹೊತ್ತು ಮತ್ತು ಪ್ರಮಾಣ ಬರೆದಿಡಿ. 60 ಕೆಜಿ ತೂಕದವರಿಗೆ ಗಂಟೆಗೆ ಕನಿಷ್ಠ 30 ಮಿಲಿ ಬರಬೇಕು. ನಾಲ್ಕು ಗಂಟೆಯಲ್ಲಿ ಅರ್ಧ ಲೋಟವೂ ಆಗಿಲ್ಲವೆಂದರೆ ಎದ್ದು ಹೋಗಿ ನರ್ಸಿಗೆ ಹೇಳಿ. ತಮ್ಮನ ಪಕ್ಕ ಕೂತ ನಮ್ಮ ಚಿಕ್ಕಮ್ಮ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಗೋಡೆಯ ಕ್ಯಾಲೆಂಡರಿನ ಹಿಂದೆ ಕಡ್ಡಿ ಕಡ್ಡಿ ಗೀಟು ಹಾಕಿ ಲೆಕ್ಕ ಇಟ್ಟರು. ಎರಡನೇ ರಾತ್ರಿ ಮೂತ್ರ ಕಡಿಮೆಯಾದದ್ದನ್ನು ಎಲ್ಲರಿಗಿಂತ ಮೊದಲು ಹಿಡಿದವರು ಅವರೇ.

ಉಸಿರನ್ನೂ ಎಣಿಸಿ. ಒಂದು ನಿಮಿಷ ಪೂರ್ತಿ, ಹೊಟ್ಟೆ ಏಳುವುದನ್ನು ನೋಡುತ್ತಾ. 20 ದಾಟಿದ್ದರೆ ಗಮನದಲ್ಲಿರಲಿ, 30ರ ಹತ್ತಿರ ಹೋಗಿದ್ದರೆ ಕೂಡಲೇ ಕರೆಯಿರಿ. ಮಾತು ಅಡ್ಡಾದಿಡ್ಡಿಯಾಗುವುದು, ಹೊಟ್ಟೆ ಬಿಗಿದು ಡೋಲಿನಂತಾಗುವುದು, ಕಣ್ಣು ಹಳದಿಯಾಗುವುದು, ಹೊಕ್ಕುಳ ಸುತ್ತ ಅಥವಾ ಪಕ್ಕೆಯಲ್ಲಿ ನೀಲಿ ಕಲೆ ಮೂಡುವುದು: ಇವು ಬೆಳಗಿನ ರೌಂಡ್ಸ್‌ವರೆಗೆ ಕಾಯುವ ವಿಷಯಗಳಲ್ಲ.

ನೋವನ್ನು ಹಲ್ಲುಕಚ್ಚಿ ಸಹಿಸಲು ಹೇಳಬೇಡಿ. ನೋವಿನ ಇಂಜೆಕ್ಷನ್ ಕೇಳುವುದು ರೋಗಿಯ ಹಕ್ಕು. ನೋವಿದ್ದರೆ ಆಳವಾಗಿ ಉಸಿರಾಡಲಾರರು, ಶ್ವಾಸಕೋಶದ ತಳ ಮುಚ್ಚಿಕೊಳ್ಳುತ್ತದೆ. ಜ್ವರ ಬಂದಿತೆಂದು ಆಂಟಿಬಯೋಟಿಕ್ಕಿಗೆ ಒತ್ತಾಯಿಸುವುದೂ ಬೇಡ. ಮೊದಲ ದಿನಗಳ ಜ್ವರ ಬಹಳ ಸಲ ಊತದ್ದೇ. ಸೋಂಕು ಹತ್ತಿದ್ದು ಖಚಿತವಾದಾಗ, ಅಥವಾ ಬಲವಾದ ಅನುಮಾನವಿದ್ದಾಗ ಅದಕ್ಕೆ ಜಾಗ. ಸತ್ತ ಭಾಗಕ್ಕೆ ಸೋಂಕು ತಗಲುವುದು ಹೆಚ್ಚಾಗಿ ಎರಡನೇ ವಾರದ ನಂತರ.

ಊಟದ ಲೆಕ್ಕ ನನ್ನ ಕಣ್ಣೆದುರೇ ಬದಲಾಯಿತು. ನಾನು ಕೆಲಸಕ್ಕೆ ಸೇರಿದಾಗ ಲೈಪೇಸ್ ಇಳಿಯುವವರೆಗೆ ಐದಾರು ದಿನ ಬಾಯಿಗೆ ಏನೂ ಇಲ್ಲ ಎಂಬ ಬೋರ್ಡು ಮಂಚಕ್ಕೆ ನೇತುಹಾಕುತ್ತಿದ್ದೆವು. ಈಗ ವಾಂತಿ ನಿಂತು, ಹಸಿವು ತಲೆಯೆತ್ತಿದರೆ ಒಂದೆರಡು ದಿನದಲ್ಲೇ ಜಿಡ್ಡಿಲ್ಲದ ಆಹಾರ ಶುರುಮಾಡುತ್ತಾರೆ. ಖಾಲಿ ಬಿಟ್ಟ ಕರುಳಿನ ಗೋಡೆ ಸೊರಗಿ ಅಲ್ಲಿನ ಕ್ರಿಮಿಗಳು ಒಳಗೆ ನುಸುಳುತ್ತವೆ ಎಂಬುದು ಇದರ ಹಿಂದಿನ ಕಾರಣ. ಬಾಯಿಂದ ತಿನ್ನಲಾಗದವರಿಗೆ ಮೂಗಿನ ಮೂಲಕ ಕೊಳವೆ ಇಳಿಸಿ ಊಟ ಕೊಡುತ್ತಾರೆ. "ಮೂಗಿಗೆ ಪೈಪ್ ಹಾಕಿದ್ರು ಅಂದ್ರೆ ಮುಗೀತು" ಎಂದು ಸಹಿ ಹಾಕಲು ಹಿಂಜರಿಯುತ್ತಾರೆ ಜನ. ಆ ಪೈಪು ಬದುಕಿಸಲು ಹಾಕುವುದು. ಗಂಜಿ, ಮೆತ್ತನೆಯ ಅನ್ನ, ಇಡ್ಲಿ, ಬೆಣ್ಣೆ ತೆಗೆದ ತಿಳಿ ಮಜ್ಜಿಗೆ ಡಾಕ್ಟರು ಹೂಂ ಎಂದ ಮೇಲೆ ಕೊಡಿ. ಎಳನೀರನ್ನು ಮಾತ್ರ ಕೇಳದೆ ಕೊಡಬೇಡಿ: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರ ಕಡಿಮೆಯಾದ ಕಿಡ್ನಿ ಅದನ್ನು ಹೊರಹಾಕಲಾರದು.

ಆರನೇ ಹೆಜ್ಜೆ: ಬೇರೆ ಆಸ್ಪತ್ರೆಗೆ ಒಯ್ಯಬೇಕೇ

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಹೆಚ್ಚಿನವರಿಗೆ ಊರು ಬಿಡುವ ಅಗತ್ಯ ಬೀಳುವುದಿಲ್ಲ. ಸೇರಿದ ದಿನವೇ ಮೂರು ಪ್ರಶ್ನೆ ಕೇಳಿ ಇಟ್ಟುಕೊಳ್ಳಿ: ಐಸಿಯು ಹಾಸಿಗೆ ಮತ್ತು ಡಯಾಲಿಸಿಸ್ ಇಲ್ಲೇ ಇದೆಯೇ, ಪಿತ್ತನಾಳದಲ್ಲಿ ಸಿಕ್ಕಿದ ಕಲ್ಲನ್ನು ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆಯುವ ಇಆರ್‌ಸಿಪಿ ಇಲ್ಲಿ ಆಗುತ್ತದೆಯೇ, ಹೊಟ್ಟೆಯಲ್ಲಿ ಕೀವು ಕಟ್ಟಿದರೆ ಸ್ಕ್ಯಾನ್ ನೋಡಿಕೊಂಡು ನಳಿಕೆ ಹಾಕುವವರು ಇದ್ದಾರೆಯೇ. ಕಣ್ಣು ಹಳದಿ, ನಡುಕದ ಜ್ವರ, ನೋವು ಮೂರೂ ಒಟ್ಟಿಗೆ ಬಂದರೆ ಪಿತ್ತನಾಳಕ್ಕೆ ಸೋಂಕು ಹತ್ತಿದೆ ಎಂದರ್ಥ. ಇಆರ್‌ಸಿಪಿ ಒಂದು ದಿನದೊಳಗೆ ಆಗಬೇಕು. ಕಾಮಾಲೆಗೆ ನಾಟಿ ಔಷಧಿ ಕುಡಿಸಲು ಕರೆದೊಯ್ದು ಎರಡು ದಿನ ಕಳೆದುಕೊಂಡ ಒಂದು ಕುಟುಂಬದ ಗೋಳನ್ನು ನಾನು ಮರೆಯಲಾರೆ.

ಒಯ್ಯುವುದೇ ಆದರೆ ಉಸಿರು ಮತ್ತು ಬಿಪಿ ಸ್ಥಿರವಾಗಿರುವಾಗಲೇ ಒಯ್ಯಿರಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜೀರ್ಣಾಂಗಗಳ ಕಾಯಿಲೆಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ. ಹೊರಡುವ ಮೊದಲು ಅಲ್ಲಿ ಹಾಸಿಗೆ ಇದೆಯೆಂದು ಇಲ್ಲಿನ ಡಾಕ್ಟರಿಂದಲೇ ಫೋನ್ ಮಾಡಿಸಿ. ಹೊಟ್ಟೆಯೊಳಗೆ ಸತ್ತ ಭಾಗ ಇದೆ ಎಂದ ಮಾತ್ರಕ್ಕೆ ಬೇಗ ಆಪರೇಷನ್ ಮಾಡಿಸಿ ಎಂದು ಒತ್ತಾಯಿಸಬೇಡಿ. ಸಾಧ್ಯವಾದರೆ ನಾಲ್ಕು ವಾರ ಕಾದು, ಅದರ ಸುತ್ತ ಗೋಡೆ ಕಟ್ಟಿಕೊಂಡ ಮೇಲೆ ಮೊದಲು ನಳಿಕೆ, ಅದು ಸಾಲದಿದ್ದರೆ ಮಾತ್ರ ಮುಂದಿನದು ಎಂಬುದು ಈಗಿನ ಕ್ರಮ.

ಏಳನೇ ಹೆಜ್ಜೆ: ಕಾರಣ ಹಿಡಿಯದೆ ಮನೆಗೆ ಹೋಗಬೇಡಿ

ನೋವು ಹೋದ ದಿನ ಎಲ್ಲರಿಗೂ ಮನೆಯ ಆತುರ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ದಿನ ಅದೇ. ಮೇದೋಜೀರಕ ಯಾಕೆ ಕೆರಳಿತು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿಲ್ಲದಿದ್ದರೆ, "ಕಾರಣ ಏನು ಸರ್?" ಎಂದು ನಿಂತು ಕೇಳಿ.

ಕಾರಣ ಕಲ್ಲಾಗಿದ್ದರೆ ಕೆಲಸ ಅರ್ಧ ಮಾತ್ರ ಮುಗಿದಿದೆ. ಪಿತ್ತಕೋಶದ ನಾಳ ಮತ್ತು ಮೇದೋಜೀರಕದ ನಾಳ ಹೆಚ್ಚಿನವರಲ್ಲಿ ಸಣ್ಣ ಕರುಳಿಗೆ ಒಂದೇ ಬಾಯಿಯಲ್ಲಿ ತೆರೆಯುತ್ತವೆ, ಎರಡು ಕಾಲುವೆಗಳು ಒಂದೇ ತೂಬಿಗೆ ಬಂದ ಹಾಗೆ. ಜೋಳದ ಕಾಳಿನಷ್ಟು ಕಲ್ಲು ಆ ತೂಬಿಗೆ ಅಡ್ಡ ಬಿದ್ದರೆ ಸಾಕು. ದೊಡ್ಡ ಕಲ್ಲು ಪಿತ್ತಕೋಶದಲ್ಲೇ ಕೂತಿರುತ್ತದೆ, ಜಾರುವುದು ಸಣ್ಣವು. ಹಾಗಾಗಿ "ಸಣ್ಣ ಕಲ್ಲು ಅಷ್ಟೇ, ಏನಾಗಲ್ಲ" ಎಂಬ ಸಮಾಧಾನ ಇಲ್ಲಿ ತಲೆಕೆಳಗು. ಕಿಡ್ನಿ ಕಲ್ಲಿಗೆ ಕುಡಿಯುವ ಬಾಳೆದಿಂಡಿನ ರಸ ಇಲ್ಲಿಗೆ ತಲುಪುವುದೇ ಇಲ್ಲ. ಪಿತ್ತಕೋಶವನ್ನೇ ತೆಗೆಯಬೇಕು, ಮತ್ತು ಕಾಯಿಲೆ ಸೌಮ್ಯವಾಗಿದ್ದರೆ ಅದೇ ಸಲ ಆಸ್ಪತ್ರೆಯಲ್ಲಿರುವಾಗಲೇ ತೆಗೆಸುವುದು ಒಳ್ಳೆಯದು. ನೆದರ್ಲೆಂಡ್ಸ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ತಿಂಗಳು ಮುಂದಕ್ಕೆ ಹಾಕಿಸಿಕೊಂಡವರಲ್ಲಿ ನೂರಕ್ಕೆ 17 ಜನ ಕಲ್ಲಿನ ತೊಂದರೆಯಿಂದ ನರಳಿದರು; ಅದೇ ದಾಖಲಾತಿಯಲ್ಲಿ ತೆಗೆಸಿಕೊಂಡವರಲ್ಲಿ ನೂರಕ್ಕೆ 5 ಜನ ಮಾತ್ರ. ಕಾಯಿಲೆ ಜೋರಾಗಿದ್ದು ಹೊಟ್ಟೆಯಲ್ಲಿ ನೀರು ನಿಂತಿದ್ದರೆ ಅದು ಇಳಿಯುವವರೆಗೆ ಕಾಯಬೇಕಾಗುತ್ತದೆ, ಆಗ ಮುಂದಿನ ದಿನಾಂಕವನ್ನು ಬರೆಸಿಕೊಂಡೇ ಹೊರಡಿ. "ಹಬ್ಬ ಮುಗೀಲಿ", "ಭತ್ತ ಕೊಯ್ಲಾಗಲಿ" ಎಂದು ಹೋದವರು ಮೊದಲಿಗಿಂತ ಜೋರಾದ ನೋವಿನೊಡನೆ ಅದೇ ವಾರ್ಡಿಗೆ ಬಂದದ್ದನ್ನು ನೋಡಿದ್ದೇನೆ. ತಮ್ಮನಿಗೆ ಎಂಟನೇ ದಿನ ಆಪರೇಷನ್ ಆಯಿತು. ತೆಗೆದ ಪಿತ್ತಕೋಶದಲ್ಲಿ ಇನ್ನೂ ಒಂಬತ್ತು ಕಲ್ಲುಗಳಿದ್ದವು, ಅತಿ ದೊಡ್ಡದು ಹೆಸರುಕಾಳಿನಷ್ಟು.

ಕಾರಣ ಕುಡಿತವಾಗಿದ್ದರೆ ಪೂರ್ತಿ ಬಿಡಬೇಕು, ಬಿಯರಿಗೂ ವಿನಾಯಿತಿ ಇಲ್ಲ. ಮತ್ತೆ ಮತ್ತೆ ಕೆರಳಿದ ಗ್ರಂಥಿ ಗಟ್ಟಿಯಾಗಿ ಸುಕ್ಕುಗಟ್ಟುತ್ತದೆ, ಆಮೇಲಿನ ನೋವು ದಿನನಿತ್ಯದ್ದಾಗುತ್ತದೆ. ಬೀಡಿ ಸಿಗರೇಟು ಅದನ್ನು ಇನ್ನಷ್ಟು ಬೇಗ ತರುತ್ತವೆ. ಬಿಡಲು ಮನಸ್ಸಿನ ಬಲವೊಂದನ್ನೇ ನೆಚ್ಚಿಕೊಳ್ಳಬೇಕಿಲ್ಲ. ಔಷಧಿ ಇದೆ, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಟ್ರೈಗ್ಲಿಸರೈಡ್ ಕಾರಣವಾಗಿದ್ದರೆ ಸಕ್ಕರೆ ಹತೋಟಿ ಮತ್ತು ಮಾತ್ರೆ, ನಿಲ್ಲಿಸದೆ. ಏನೂ ಸಿಗದಿದ್ದರೆ ಕೆಲ ವಾರಗಳ ನಂತರ ಅಲ್ಟ್ರಾಸೌಂಡ್ ಇನ್ನೊಮ್ಮೆ ಮಾಡಿಸಿ. ಮೊದಲ ಸಲ ಗಾಳಿಯ ಮರೆಯಲ್ಲಿ ಉಳಿದ ಸಣ್ಣ ಕಲ್ಲುಗಳು ಆಗ ಕಾಣಬಹುದು.

ಎಂಟನೇ ಹೆಜ್ಜೆ: ಮನೆಯಲ್ಲಿ

ಬೆಣ್ಣೆ ದೋಸೆ ಯಾವಾಗ ತಿನ್ನಬಹುದು ಎಂದು ದಾವಣಗೆರೆಯ ಪ್ರತಿಯೊಬ್ಬ ರೋಗಿಯೂ ಕೇಳಿದ್ದಾನೆ. ಕೆಲವು ವಾರ ಬೇಡ. ಮಂಡಕ್ಕಿಯನ್ನು ಎಣ್ಣೆ ಕಡಿಮೆ ಹಾಕಿ ಕಲಸಿ ತಿನ್ನಿ, ಜೊತೆಯ ಮೆಣಸಿನಕಾಯಿ ಬಜ್ಜಿ ಬಿಡಿ. ಒಮ್ಮೆಗೆ ತಟ್ಟೆ ತುಂಬ ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ರಾಗಿ ಮುದ್ದೆ, ಸೊಪ್ಪಿನ ಸಾರು, ಬೇಳೆ, ಕೆನೆ ತೆಗೆದ ಹಾಲು ಆಗುತ್ತವೆ. ಪಿತ್ತಕೋಶ ತೆಗೆಸಿಕೊಂಡು, ಬೇರೆ ತೊಂದರೆ ಇಲ್ಲದವರು ಕ್ರಮೇಣ ಮಾಮೂಲಿ ಊಟಕ್ಕೆ ಬರುತ್ತಾರೆ. ತಮ್ಮ ಮೂರು ತಿಂಗಳ ನಂತರ ಒಂದು ದೋಸೆ ತಿಂದ, ಬೆಣ್ಣೆ ಕಡಿಮೆ ಹಾಕಿಸಿ. ಟ್ರೈಗ್ಲಿಸರೈಡ್‌ನವರಿಗೆ ಮಾತ್ರ ಪಥ್ಯ ಜೀವನಪೂರ್ತಿ.

ಮಲ ಜಿಡ್ಡಾಗಿ ತೇಲುತ್ತಿದ್ದರೆ, ಎಷ್ಟು ತಿಂದರೂ ತೂಕ ಇಳಿಯುತ್ತಿದ್ದರೆ ಅರಗಿಸುವ ರಸ ಸಾಲುತ್ತಿಲ್ಲ ಎಂದರ್ಥ. ಊಟದ ಜೊತೆಗೇ ನುಂಗುವ ಕಿಣ್ವದ ಕ್ಯಾಪ್ಸೂಲು ಅದಕ್ಕಿದೆ. ಇನ್ಸುಲಿನ್ ಮಾಡುವ ಭಾಗಕ್ಕೂ ಪೆಟ್ಟಾಗಿರಬಹುದಾದ್ದರಿಂದ ಮೂರರಿಂದ ಆರು ತಿಂಗಳಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ನಾಲ್ಕಾರು ವಾರಗಳ ನಂತರ ಹೊಟ್ಟೆ ಭಾರ, ಎರಡು ತುತ್ತಿಗೇ ತುಂಬಿದ ಹಾಗೆ, ಮೇಲ್ಹೊಟ್ಟೆಯಲ್ಲಿ ಗಡ್ಡೆಯಂತೆ ಕೈಗೆ ಸಿಗುವುದು ಇದ್ದರೆ ಗ್ರಂಥಿಯ ಸುತ್ತ ನೀರಿನ ಚೀಲ ಕಟ್ಟಿರಬಹುದು, ಸ್ಕ್ಯಾನ್ ಬೇಕು. ಮತ್ತೆ ಅದೇ ನೋವು, ಜ್ವರ ಅಥವಾ ಕಾಮಾಲೆ ಬಂದರೆ ತಡಮಾಡದೆ ನೇರ ಆಸ್ಪತ್ರೆಗೆ.

ಡಿಸ್ಚಾರ್ಜ್ ಚೀಟಿ, ಸ್ಕ್ಯಾನಿನ ಫಿಲ್ಮು, ಮೊದಲ ದಿನದ ಲೈಪೇಸ್ ಮತ್ತು ಟ್ರೈಗ್ಲಿಸರೈಡ್ ರಿಪೋರ್ಟು, ಆಗದ ಮಾತ್ರೆಗಳ ಹೆಸರು ಒಂದೇ ಫೈಲಿನಲ್ಲಿ ಹಾಕಿ, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ. ರಾತ್ರಿ ಹೊತ್ತು ಹೊರಡುವವರ ಕೈಗೆ ಎರಡೂ ಒಟ್ಟಿಗೆ ಸಿಗಬೇಕು.